ಪಾನಿಯ ಜೊತೆ ಒಂದು ನವೆಂಬರ್ ಹನ್ನೊಂದು

"ನವೆಂಬರ್ 11ಕ್ಕೆ ಆದಷ್ಟು ಮನೆಯಲ್ಲೇ ಇರಿ. ಹಾಲು, ಬ್ರೆಡ್ ಹಿಂದಿನ ದಿನವೇ ತಂದಿಟ್ಕೊಳ್ಳಿ. ಮೆರವಣಿಗೆ ಇರೋ ಕಡೆ ಹೋಗಬೇಡಿ, ಅದರಲ್ಲೂ ಹೆಣ್ಮಕ್ಕಳು."

ನಮ್ಮ ಇಂಡಿಯನ್ಸ್ ವಾಟ್ಸಾಪ್ ಗ್ರೂಪಿಗೆ ಈ ಮೆಸೇಜ್ ಬಂದಾಗ ನಾನು ಕ್ರಾಕೋವ್‌ಗೆ ಬಂದು ಏಳು ತಿಂಗಳಾಗಿತ್ತು. ಕೆಳಗಡೆ ಒಂದಾದ ಮೇಲೊಂದು ಥಂಬ್ಸ್‌ ಅಪ್. ಯಾರೋ ವಾರ್ಸಾದ ಹಳೇ ವಿಡಿಯೋ ಒಂದನ್ನೂ ಹಾಕಿದ್ರು. ರಸ್ತೆ ತುಂಬ ಬಿಳಿ-ಕೆಂಪು ಬಾವುಟ, ಕೈಯಲ್ಲಿ ಉರಿಯುವ ಕೆಂಪು ಫ್ಲೇರ್, ಹೊಗೆಯೊಳಗೆ ಓಡುವ ಹುಡುಗರು. ನಾನೂ ಒಂದು ಥಂಬ್ಸ್‌ ಅಪ್ ಒತ್ತಿ ಫೋನ್ ಮಗುಚಿ ಇಟ್ಟೆ.

ಸುಳ್ಳು ಯಾಕೆ ಹೇಳಲಿ, ಆ ಮೆಸೇಜ್ ಓದಿ ಭಯಕ್ಕಿಂತ ಮೊದಲು ಆದದ್ದು ಪರಿಚಯದ ಅನುಭವ. ನಾನು ನಿಪ್ಪಾಣಿಯವಳು. ಪಪ್ಪಾನ ಮಾತು ಕನ್ನಡ, ಆಯಿಯದು ಮರಾಠಿ. ನವೆಂಬರ್ 1 ಬಂತೆಂದರೆ ಒಂದು ಕಡೆ ಹಳದಿ-ಕೆಂಪು ಬಾವುಟದ ರಾಜ್ಯೋತ್ಸವ, ಇನ್ನೊಂದು ಕಡೆ ಕಪ್ಪು ಪಟ್ಟಿ ಕಟ್ಟಿಕೊಂಡವರ ಕರಾಳ ದಿನ. ಪಪ್ಪಾನ ಸ್ಟೇಷನರಿ ಅಂಗಡಿಯ ಶಟರ್ ಆ ದಿನ ಅರ್ಧ ಮಾತ್ರ ಏಳುತ್ತಿತ್ತು. ಒಂದು ವರ್ಷ ಕಾಕಾ ಹಳದಿ-ಕೆಂಪು ಶಾಲು ಹೊದ್ದು, ಮಾಮಾ ತೋಳಿಗೆ ಕಪ್ಪು ಪಟ್ಟಿ ಕಟ್ಟಿ, ಇಬ್ಬರೂ ಒಂದೇ ಹೊತ್ತಿಗೆ ನಮ್ಮನೆಗೆ ಚಹಾಕ್ಕೆ ಬಂದುಬಿಟ್ಟರು. ಆಯಿ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಚೂಡಾ ಹಾಕಿಕೊಟ್ಟಳು. ಯಾರೂ ಮಾತಾಡಲಿಲ್ಲ. ಚೂಡಾ ಅಗಿಯುವ ಸದ್ದು ಮಾತ್ರ. ಅವತ್ತಿನಿಂದ ನನಗೆ ಬಾವುಟದ ದಿನ ಅಂದರೆ ಮನೆಯೊಳಗೆ ಕೂತು ಮುಗಿಯೋದನ್ನು ಕಾಯೋ ದಿನ.

ಹಾಗಾಗಿ ಹಾಲು, ಬ್ರೆಡ್ ತಂದಿಟ್ಟುಕೊಳ್ಳೋದು ನನಗೇನೂ ಹೊಸದಲ್ಲ. ಅದನ್ನು ತಪ್ಪಿಸಿದ್ದು ಪಾನಿ.

ಪಾನಿ ಅಂದರೆ ನನ್ನ ಮನೆ ಓನರ್. ಎಪ್ಪತ್ತು ದಾಟಿದ, ಒಬ್ಬರೇ ಇರುವ ಹೆಂಗಸು. ನಾನು ಅವರ ಫ್ಲ್ಯಾಟಿನ ಒಂದು ರೂಮಲ್ಲಿ ಬಾಡಿಗೆಗಿದ್ದೆ. ಅದು ಅವರ ಹೆಸರಲ್ಲ. ಪೋಲಿಷ್‌ನಲ್ಲಿ ಗೌರವ ಕೊಟ್ಟು ಹೆಂಗಸರನ್ನು ಕರೆಯೋ ರೀತಿ ಅದು, ಗಂಡಸರಾದರೆ 'ಪಾನ್'. ಎದುರಿಗಿರುವವರನ್ನೇ "ಪಾನಿ ಚಹಾ ಕುಡಿಯುತ್ತಾರಾ?" ಅಂತ ಕೇಳ್ತಾರೆ, ಯಾರೋ ಮೂರನೆಯವರ ಬಗ್ಗೆ ಕೇಳಿದ ಹಾಗೆ. ಮೊದಮೊದಲು ನಾನು ಹಿಂದೆ ತಿರುಗಿ ನೋಡ್ತಿದ್ದೆ. ಆಮೇಲೆ, ನಮ್ಮ ಕಡೆ ಮಾತಿಗೊಂದು 'ರೀ' ಹಚ್ಚಿದ ಹಾಗೆ ಇದು ಅಂತ ಸಮಾಧಾನ ಮಾಡಿಕೊಂಡೆ.

ಆ ವರ್ಷದ ನವೆಂಬರ್ 1ರಂದು ಪಾನಿ ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಅವತ್ತು ಸರ್ಕಾರಿ ರಜೆ, ಸಕಲ ಸಂತರ ದಿನ. ಇಡೀ ಊರು ಸೇವಂತಿಗೆ ಹೂವು, ಗಾಜಿನೊಳಗೆ ಉರಿಯುವ ಮೋಂಬತ್ತಿ ಹಿಡಿದು ತಮ್ಮವರ ಗೋರಿಗಳಿಗೆ ಹೋಗುತ್ತೆ. ಕತ್ತಲಾದ ಮೇಲೆ ರಕೋವಿತ್ಸ್ಕಿ ಸ್ಮಶಾನ ಸಾವಿರಾರು ದೀಪಗಳಲ್ಲಿ ಹೊಳೆಯೋದನ್ನು ನೋಡಿದರೆ ನಮ್ಮ ಕಾರ್ತಿಕ ದೀಪೋತ್ಸವವೇ ನೆನಪಾಗೋದು. ಅವರ ಗಂಡನ ಗೋರಿಯ ಮೇಲಿದ್ದ ಎಲೆಗಳನ್ನು ನಾನು ಗುಡಿಸಿದೆ, ಅವರು ಕಲ್ಲು ಒರೆಸಿದರು. ವಾಪಸು ಬರುವಾಗ ಟ್ರಾಮ್‌ನಲ್ಲಿ, "ಹನ್ನೊಂದಕ್ಕೆ ನಿನಗೂ ರಜೆ ತಾನೇ? ಹಾಡೋಕೆ ಹೋಗೋಣ" ಅಂದರು. ಕೇಳಿದ್ದಲ್ಲ, ಹೇಳಿದ್ದು.

ನಾನು ಗ್ರೂಪಿನ ಮೆಸೇಜ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ, "ಅದು ವಾರ್ಸಾ. ಇದು ಕ್ರಾಕೋವ್" ಅಂದರು. ಬೆಂಗಳೂರಿನವರ ಬಗ್ಗೆ ಮಾತು ಬಂದಾಗ ಮೈಸೂರಿನವರು ಹೇಳುವ ಧಾಟಿಯಲ್ಲೇ!

ಆ ರಾತ್ರಿ ಅಡುಗೆಮನೆಯ ಟೇಬಲ್ ಮೇಲೆ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ, ಟೀ ಡಬ್ಬಿ ಇಟ್ಟು ಪಾನಿ ನನಗೆ ಇತಿಹಾಸ ಹೇಳಿದರು. ಸಕ್ಕರೆ ಅಂದರೆ ರಷ್ಯಾ, ಉಪ್ಪು ಪ್ರಷ್ಯಾ, ಟೀ ಆಸ್ಟ್ರಿಯಾ. ನಡುವಿದ್ದ ಬ್ರೆಡ್ ಪೋಲೆಂಡ್. 1772ರಲ್ಲಿ ಒಂದು ತುಂಡು, 1793ರಲ್ಲಿ ಇನ್ನೊಂದು, 1795ರಲ್ಲಿ ಉಳಿದದ್ದೆಲ್ಲ. ಬ್ರೆಡ್ ಖಾಲಿ. 123 ವರ್ಷ ಭೂಪಟದಲ್ಲಿ ಪೋಲೆಂಡ್ ಅನ್ನೋ ದೇಶವೇ ಇರಲಿಲ್ಲ. ಈಗಿನ ಅವರ ರಾಷ್ಟ್ರಗೀತೆ ಬರೆದದ್ದು ಕೂಡ ಆ ಕಾಲದಲ್ಲೇ, 1797ರಲ್ಲಿ, ಇಟಲಿಯಲ್ಲಿದ್ದ ಪೋಲಿಷ್ ಸೈನಿಕರಿಗಾಗಿ. ದೇಶವೇ ಇಲ್ಲ, ಗೀತೆ ಮಾತ್ರ ಇದೆ. ಮೊದಲನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಹರಿದು ಹಂಚಿಕೊಂಡಿದ್ದ ಮೂರೂ ಸಾಮ್ರಾಜ್ಯಗಳು ಕುಸಿದುಬಿದ್ದವು. ಜರ್ಮನಿಯ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದ ಯೂಜೆಫ್ ಪಿಲ್ಸುಡ್ಸ್ಕಿ 1918ರ ನವೆಂಬರ್ 11ರಂದು ವಾರ್ಸಾದಲ್ಲಿ ಸೇನೆಯ ಅಧಿಕಾರ ವಹಿಸಿಕೊಂಡರು. ಅದೇ ಈ ದಿನ. "ಆದರೆ ಕ್ರಾಕೋವ್ ಮೊದಲು. ನಾವು ಅಕ್ಟೋಬರ್ 31ಕ್ಕೇ ಆಸ್ಟ್ರಿಯಾದವರನ್ನು ಕಳಿಸಿ ಆಗಿತ್ತು" ಅಂತ ಸೇರಿಸೋದನ್ನು ಪಾನಿ ಮರೆಯಲಿಲ್ಲ.

ಇದನ್ನು ರಜಾದಿನ ಅಂತ ಮಾಡಿದ್ದು 1937ರಲ್ಲಿ. ಎರಡನೇ ಮಹಾಯುದ್ಧದ ನಂತರ ಬಂದ ಕಮ್ಯುನಿಸ್ಟ್ ಆಡಳಿತ ಇದನ್ನು ತೆಗೆದು ಜುಲೈ 22ನ್ನು ರಾಷ್ಟ್ರೀಯ ದಿನ ಮಾಡಿತು. ಮತ್ತೆ ನವೆಂಬರ್ 11 ವಾಪಸು ಬಂದದ್ದು 1989ರಲ್ಲಿ. ಅಂದರೆ ಪಾನಿ ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತು ಸಾಕಿದ ಕಾಲದಲ್ಲಿ ಈ ದಿನ ಒಂದು ಮಾಮೂಲಿ ಕೆಲಸದ ದಿನ. "ನಮ್ಮಪ್ಪ ಅವತ್ತು ಒಳ್ಳೇ ಶರ್ಟ್ ಹಾಕ್ಕೊಂಡು ಫ್ಯಾಕ್ಟರಿಗೆ ಹೋಗ್ತಿದ್ದರು. ಅಷ್ಟೇ. ಯಾಕೆ ಅಂತ ಯಾರೂ ಕೇಳ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು."

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಭಾಷೆಯ ಕಥೆ. ಆಸ್ಟ್ರಿಯಾದ ಕೈಗೆ ಸಿಕ್ಕ ಕ್ರಾಕೋವ್ ಕಡೆ ಕೊನೆಕೊನೆಗೆ ಪೋಲಿಷ್‌ನಲ್ಲಿ ಓದಬಹುದಿತ್ತು. ಉಳಿದೆಡೆ ಹಾಗಿರಲಿಲ್ಲ. ಪ್ರಷ್ಯಾದ ಭಾಗದಲ್ಲಿದ್ದ ವ್ಜೆಶ್ನ್ಯಾ ಅನ್ನೋ ಊರಲ್ಲಿ 1901ರಲ್ಲಿ ಧರ್ಮದ ಪಾಠವನ್ನೂ ಜರ್ಮನ್‌ನಲ್ಲೇ ಕಲಿಯಬೇಕೆಂದು ಹೇಳಿದಾಗ ಮಕ್ಕಳು ಬಾಯಿ ಬಿಡಲಿಲ್ಲ, ಶಿಕ್ಷಕರು ಬೆತ್ತದಿಂದ ಹೊಡೆದರು. ರಷ್ಯಾದ ಹಿಡಿತದಲ್ಲಿದ್ದ ವಾರ್ಸಾದಲ್ಲಿ ಹೆಣ್ಣುಮಕ್ಕಳು ಮನೆಯಿಂದ ಮನೆಗೆ ಜಾಗ ಬದಲಿಸುವ ಕಳ್ಳ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು, ಮೇರಿ ಕ್ಯೂರಿ ಕೂಡ. ನಾನು ನಮ್ಮೂರಿನ ಬೋರ್ಡು ಜಗಳ, ಯಾವ ಮೀಡಿಯಂ ಅನ್ನೋ ಜಗಳ ನೆನೆಸಿಕೊಂಡೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ, ಗೊತ್ತು. ನಮ್ಮಲ್ಲಿ ಯಾರೂ ಯಾರ ದೇಶವನ್ನೂ ನುಂಗಿಲ್ಲ. ಆದರೂ ಮನೆಯೊಳಗಿನ ಭಾಷೆ ಬೇರೆ, ಹೊಸ್ತಿಲಾಚೆಗಿನದು ಬೇರೆ ಆದಾಗ ಮಗುವಿನ ನಾಲಿಗೆ ಎಲ್ಲಿ ತಡವರಿಸುತ್ತೆ ಅನ್ನೋದು ನನಗೆ ಗೊತ್ತು.

ಹನ್ನೊಂದನೇ ತಾರೀಕು ಬೆಳಿಗ್ಗೆ ಪಾನಿ ನನ್ನ ಕೋಟಿಗೆ ಒಂದು ಬಿಳಿ-ಕೆಂಪು ರಿಬ್ಬನ್ನಿನ ಹೂವು ಚುಚ್ಚಿದರು. ಕೊತಿಲಿಯೊನ್ ಅಂತಾರೆ. ಆಗಸ್ಟ್ 15ಕ್ಕೆ ನಾವು ಶಾಲೆಯಲ್ಲಿ ಎದೆಗೆ ಚುಚ್ಚಿಕೊಳ್ತಿದ್ದ ಕಾಗದದ ಧ್ವಜದಂಥದ್ದೇ. ಬಾವುಟದಲ್ಲಿ ಬಿಳಿ ಮೇಲೆ, ಕೆಂಪು ಕೆಳಗೆ. ನಮ್ಮ ನಾಡಧ್ವಜದ ಹಳದಿ ಒಗೆದು ಒಗೆದು ಬಣ್ಣ ಬಿಟ್ಟರೆ ಹೀಗೇ ಕಾಣಬಹುದು ಅಂತ ತಲೆಗೆ ಬಂತು, ಪಾನಿಗೆ ಹೇಳಲಿಲ್ಲ.

ವಾವೆಲ್ ಗುಡ್ಡದ ಕ್ಯಾಥೆಡ್ರಲ್‌ನಲ್ಲಿ ಪೂಜೆ, ಆಮೇಲೆ ಅಲ್ಲಿಂದ ಹಳೇ ರಾಜಬೀದಿಯಲ್ಲಿ ಮಾತೇಯ್ಕೊ ಚೌಕದವರೆಗೆ ಮೆರವಣಿಗೆ. ನಾವು ಪೂಜೆಗೆ ಹೋಗದೆ ಗ್ರೋಡ್ಸ್ಕಾ ಬೀದಿಯ ಬದಿಯಲ್ಲಿ ನಿಂತೆವು. ಗಾಳಿ ಕಿವಿ ಕೊಯ್ಯುವ ಹಾಗಿತ್ತು. ಅಷ್ಟರಲ್ಲಿ ಝಿಗ್ಮುಂಟ್ ಗಂಟೆಯ ಸದ್ದು. 1520ರಲ್ಲಿ ಎರಕ ಹೊಯ್ದ ಗಂಟೆ ಅದು. ಹನ್ನೆರಡು ಜನ ಸೇರಿ ಹಗ್ಗ ಎಳೆಯಬೇಕು. ದೊಡ್ಡ ಹಬ್ಬ, ದೊಡ್ಡ ದಿನಗಳಿಗಷ್ಟೇ ಬಾರಿಸುತ್ತಾರೆ. ಆ ಸದ್ದು ಕಿವಿಗಿಂತ ಮೊದಲು ಕಾಲಿನ ಕೆಳಗಿನ ಕಲ್ಲಿಗೆ ಬರುತ್ತೆ ಅನ್ನಿಸಿತು. ಪಕ್ಕದಲ್ಲಿದ್ದ ಮುದುಕರೊಬ್ಬರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

ಮೆರವಣಿಗೆಯಲ್ಲಿ ಸೈನಿಕರು, ಸ್ಕೌಟ್ ಮಕ್ಕಳು, ಶಾಲೆಗಳ ಕಸೂತಿ ಹಾಕಿದ ಪತಾಕೆ ಹೊತ್ತವರು, ಹಳೇ ಕಾಲದ ಸಮವಸ್ತ್ರದವರು. ಚೌಕದಲ್ಲಿ ಅಜ್ಞಾತ ಯೋಧನ ಸಮಾಧಿ, ಅದರ ಹಿಂದೆ ಗ್ರುನ್‌ವಾಲ್ಡ್ ಸ್ಮಾರಕ. 1910ರಲ್ಲಿ ನಿಲ್ಲಿಸಿದ್ದನ್ನು ಯುದ್ಧಕಾಲದಲ್ಲಿ ಜರ್ಮನರು ಕೆಡವಿದ್ದರು, 1976ರಲ್ಲಿ ಮತ್ತೆ ಕಟ್ಟಿದ್ದಾರೆ. ಹೂಮಾಲೆ ಇಟ್ಟರು, ಭಾಷಣ ಆಯಿತು. ಭಾಷಣಗಳ ಬಗ್ಗೆ ಹೇಳೋಕೇನಿಲ್ಲ. ಅರ್ಥವಾಗದ ಭಾಷೆಯಲ್ಲೂ ಭಾಷಣ ಭಾಷಣವೇ, ನಮ್ಮ ತಾಲೂಕು ಮೈದಾನದಲ್ಲಿ ಕೇಳಿದಷ್ಟೇ ಉದ್ದ. ನಾವಿಬ್ಬರೂ ಮಧ್ಯದಲ್ಲೇ ಜಾರಿಕೊಂಡು ತಳ್ಳುಗಾಡಿಯಲ್ಲಿ ಒಬ್ವಾಝಾನೆಕ್ ತಗೊಂಡೆವು. ಬಳೆ ಹಾಗೆ ದುಂಡಗೆ ಹೊಸೆದ, ಎಳ್ಳು ಹಚ್ಚಿದ ಬ್ರೆಡ್ಡು.

ಅದನ್ನು ಮುರಿದು ತಿನ್ನುತ್ತಾ ಫ್ಲೋರಿಯಾನ್ಸ್ಕಾ ಬೀದಿಯಲ್ಲಿ ಬರುತ್ತಿದ್ದೆವು. ಎದುರಿಗೆ ಐದಾರು ಹುಡುಗರು, ಹೆಗಲ ಮೇಲೆ ಬಾವುಟ. ನನ್ನ ಕೋಟಿನ ಮೇಲಿನ ಹೂವು ನೋಡಿದರು, ನನ್ನ ಮುಖ ನೋಡಿದರು. ಒಬ್ಬ ಏನೋ ಅಂದ. ಉಳಿದವರು ನಕ್ಕರು. ಪಾನಿ ಗಕ್ಕನೆ ನಿಂತು, ತಿರುಗಿ, ಎಷ್ಟೋ ವರ್ಷ ಶಾಲೆಯಲ್ಲಿ ಪಾಠ ಮಾಡಿದ ಗಂಟಲಿನಲ್ಲಿ ಅವನನ್ನು 'ಪಾನ್' ಅಂತಲೇ ಕರೆದು ಏನೋ ಹೇಳಿದರು. ಹುಡುಗ ಬೇರೆ ಕಡೆ ನೋಡಿದ. ಅವರು ಹೋದರು.

"ಏನಂದ?" ಅಂತ ಕೇಳಿದೆ.

"ಏನಿಲ್ಲ. ಚಳಿ ಜಾಸ್ತಿ ಅಂದ."

ಪೋಲಿಷ್ ಕ್ಲಾಸಿನ ಮೊದಲನೇ ವಾರದಲ್ಲೇ ಕಲಿಸುವ ಎರಡು ಶಬ್ದ ಇದೆ, 'ದೊ ದೊಮು'. ಮನೆಗೆ. ನಾನು ಮನೆಗೆ ಹೋಗ್ತೀನಿ, ಅವಳು ಮನೆಗೆ ಹೋಗ್ತಾಳೆ ಅಂತ ಇಪ್ಪತ್ತು ಸಲ ಬರೆಸುತ್ತಾರೆ. ಅವನ ಮಾತಿನಲ್ಲಿ ನನಗೆ ಕೇಳಿಸಿದ್ದು ಆ ಎರಡೇ ಶಬ್ದ. ನನಗೆ ಅರ್ಥವಾಗಿದೆ ಅಂತ ಪಾನಿಗೆ ಗೊತ್ತಾಗಬಾರದು ಅನ್ನಿಸಿತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ಮನೆಗೆ ಬಂದ ನೆಂಟರ ಮುಂದೆ ಸ್ವಂತ ಮಗ ಕೆಟ್ಟ ಮಾತಾಡಿದರೆ ತಾಯಿಯ ಮುಖ ಹೇಗಾಗುತ್ತೆ, ಅವರ ಮುಖ ಹಾಗಾಗಿತ್ತು. ಚಳಿ ನಿಜಕ್ಕೂ ಜಾಸ್ತಿ ಅಂದೆ. ಮುಂದಿನ ತಿರುವಿನಲ್ಲಿ ಗ್ಲೌಸ್ ಹುಡುಕುವ ನೆಪ ಮಾಡಿ ಕೋಟಿನಿಂದ ಹೂವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಬೇರೆಯವರ ಬಾವುಟ ಹಾಕಿಕೊಂಡು ಅವರ ಬೀದಿಯಲ್ಲಿ ಓಡಾಡೋ ಉಸಾಬರಿ ನನಗ್ಯಾಕೆ ಬೇಕಿತ್ತು, ಗ್ರೂಪಿನವರು ಹೇಳಿದ್ದು ಸರಿ, ಈಗಲೇ ತಲೆನೋವು ಅಂತ ಹೇಳಿ ವಾಪಸು ಹೋಗಿಬಿಡೋಣ ಅನ್ನಿಸುತ್ತಿತ್ತು. ಆದರೆ ಹೋಗೋದು ಎಲ್ಲಿಗೆ? ರೂಮಿನ ಬೀಗದ ಕೈ ಸಹ ಪಾನಿಯ ಬ್ಯಾಗಿನಲ್ಲಿತ್ತು.

ಆ ಕಾಲದಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗಿಬಿಡ್ತಾನೆ. ನಾವು ರಿನೆಕ್‌ಗೆ, ಅಂದರೆ ಊರ ನಡುವಿನ ದೊಡ್ಡ ಚೌಕಕ್ಕೆ ಬರುವಾಗ ದೀಪ ಹತ್ತಿತ್ತು. 1257ರಲ್ಲಿ ಗೆರೆ ಎಳೆದು ಮಾಡಿದ ಚೌಕವಂತೆ, ಒಂದೊಂದು ಬದಿಯೂ 200 ಮೀಟರ್. ಅಲ್ಲಿ ಜನ ತುಂಬಿತ್ತು. ಪಾನಿ ಹೇಳಿದ್ದ 'ಹಾಡಿನ ಪಾಠ' ಇಲ್ಲೇ. ಕ್ರಾಕೋವ್‌ನ ಒಂದು ಕ್ಯಾಬರೆ ತಂಡದವರು ನಡೆಸಿಕೊಡ್ತಾರೆ. ಪುಟ್ಟ ಹಾಡಿನ ಪುಸ್ತಕ ಎಲ್ಲರಿಗೂ ಹಂಚುತ್ತಾರೆ. ವೇದಿಕೆಯ ಮೇಲೆ ಪಿಯಾನೊ, ಕೆಲವರು ಗಾಯಕರು. ಆದರೆ ಹಾಡೋದು ಚೌಕದಲ್ಲಿ ನಿಂತವರು. ಟಿಕೆಟ್ ಇಲ್ಲ, ಕುರ್ಚಿ ಇಲ್ಲ, ವಿಐಪಿ ಇಲ್ಲ. ನಮ್ಮಲ್ಲಿ ಮೈಕು ಸಿಕ್ಕವರು ಹಾಡ್ತಾರೆ, ಉಳಿದವರು ವಿಡಿಯೋ ಮಾಡ್ತಾರೆ. ಇಲ್ಲಿ ಚಳಿಗೆ ಕೈ ಮರಗಟ್ಟಿದ್ದರೂ ಎಲ್ಲರ ಕೈಯಲ್ಲೂ ಪುಸ್ತಕ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕೋಲು ಊರಿದ ಅಜ್ಜಿಯರು, ಕಾಲೇಜು ಹುಡುಗಿಯರು, ಎಲ್ಲರೂ ಪುಟ ತಿರುಗಿಸುತ್ತಿದ್ದಾರೆ.

ಯುದ್ಧದ ಹಾಡು ಅಂದರೆ ಘರ್ಜನೆ ಇರುತ್ತೆ ಅಂದುಕೊಂಡಿದ್ದೆ. ಹೆಚ್ಚಿನವು ಹಾಗಿರಲಿಲ್ಲ. ಸೈನಿಕ ಹುಡುಗಿಯ ಕಿಟಕಿ ಹತ್ತಿರ ಬರೋದು, ರೋಸ್ಮರಿ ಗಿಡದ ಮುಂದೆ ತನ್ನ ಪ್ರೀತಿ ತೋಡಿಕೊಳ್ಳೋದು, ಇಂಥವು. ಪಾನಿ ಕಿವಿಯಲ್ಲಿ ಅರ್ಥ ಹೇಳುತ್ತಿದ್ದರು. ನನ್ನ ಎಡಗಡೆ ನಿಂತಿದ್ದ, ಹತ್ತು ವರ್ಷದವಳಿರಬಹುದಾದ ಹುಡುಗಿ ನಾನು ತಪ್ಪು ಪುಟದಲ್ಲಿರೋದನ್ನು ನೋಡಿ, ಏನೂ ಮಾತಾಡದೆ ನನ್ನ ಪುಸ್ತಕ ಎಳೆದು ಸರಿಯಾದ ಪುಟ ತೆಗೆದು ವಾಪಸು ಕೊಟ್ಟಳು. ಮುಂದಿನ ಹಾಡಿಗೂ ಹಾಗೇ ಮಾಡಿದಳು. ಮೂರನೆಯದಕ್ಕೆ ನಾನೇ ಪುಸ್ತಕ ಅವಳ ಕಡೆ ಚಾಚಿದೆ. ಪೋಲಿಷ್ ಅಕ್ಷರಗಳನ್ನು ಕೂಡಿಸಿ ಓದುವ ಹೊತ್ತಿಗೆ ಸಾಲು ಮುಗಿದಿರುತ್ತಿತ್ತು. ಆದರೂ ಕೊನೆಯ ಶಬ್ದಕ್ಕಾದರೂ ದನಿ ಕೂಡಿಸುತ್ತಿದ್ದೆ, ಭಜನೆಯಲ್ಲಿ ಸಾಲು ಗೊತ್ತಿಲ್ಲದವರು ಕೊನೆಗೆ ಜೋರಾಗಿ ಸೇರಿಕೊಳ್ಳುವ ಹಾಗೆ.

ಗಂಟೆ ತುಂಬಿದಾಗ ಸೇಂಟ್ ಮೇರಿ ಚರ್ಚಿನ ಗೋಪುರದಿಂದ ಕಹಳೆ ಕೇಳಿತು. ದಿನದ ಪ್ರತಿ ಗಂಟೆಗೂ ಊದುತ್ತಾರೆ, ರಾಗ ಮಧ್ಯದಲ್ಲೇ ಕಡಿದುಹೋಗುತ್ತೆ. ಹಿಂದೊಮ್ಮೆ ಎಚ್ಚರಿಕೆಯ ಕಹಳೆ ಊದುತ್ತಿದ್ದವನ ಗಂಟಲಿಗೆ ತಾತಾರರ ಬಾಣ ನಾಟಿತು, ಅದಕ್ಕೇ ಅರ್ಧ ಅಂತ ಕಥೆ. ಅದು ನಿಂತಾಗ ಪಾನಿ ನನ್ನ ಕೋಟನ್ನು ನೋಡಿದರು.

"ಹೂವೆಲ್ಲಿ?"

"ಬಿದ್ದುಹೋಯ್ತು ಅನ್ಸುತ್ತೆ."

ಅವರು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದರು. ಆಮೇಲೆ ಗ್ಲೌಸ್ ಕಳಚಿ, ತಮ್ಮ ಕೋಟಿನಲ್ಲಿದ್ದ ಹೂವನ್ನು ಬಿಚ್ಚಿ ನನ್ನ ಕೋಟಿಗೆ ಚುಚ್ಚಿದರು. ಚಳಿಗೆ ಬೆರಳು ನಡುಗುತ್ತಿದ್ದರಿಂದ ಪಿನ್ನು ಎರಡು ಸಲ ಜಾರಿತು. ನನ್ನ ಹೂವು ಜೇಬಿನಲ್ಲೇ ಇತ್ತು, ಬೆರಳಿಗೆ ತಾಗುತ್ತಿತ್ತು. ಅದನ್ನು ತೆಗೆದು ಅವರಿಗೆ ಚುಚ್ಚಬಹುದಿತ್ತು. ಚುಚ್ಚಲಿಲ್ಲ. ಎರಡೂ ಈಗ ನನ್ನ ಹತ್ತಿರವೇ ಇವೆ.

ಮನೆಗೆ ಬಂದ ಮೇಲೆ ಪಾನಿ ಒಂದು ಡಬ್ಬಿ ತೆಗೆದರು. ಪೋಝ್ನಾನ್‌ನಲ್ಲಿರುವ ಅವರ ತಂಗಿ ಕಳಿಸಿದ್ದ ರೋಗಲ್. ಅದೇ ದಿನ ಅಲ್ಲಿ ಸಂತ ಮಾರ್ಟಿನ್ ಹಬ್ಬ, ಆ ಊರಿನವರು ಲಾಳದ ಆಕಾರದ ಈ ಸಿಹಿಯನ್ನೇ ತಿನ್ನುತ್ತಾರೆ. ಕಚ್ಚಿದೆ. ಒಳಗಿದ್ದದ್ದು ಬಿಳಿ ಗಸಗಸೆ! ಬಾದಾಮಿ, ಒಣದ್ರಾಕ್ಷಿ ಜೊತೆ ಅರೆದ ಗಸಗಸೆಯ ಹೂರಣ. ಏಳು ತಿಂಗಳಲ್ಲಿ ನನ್ನ ಬಾಯಿಗೆ ಮನೆಯ ರುಚಿ ಬಂದದ್ದು ಅದೇ ಮೊದಲು. ನಮ್ಮಲ್ಲಿ ಇದರ ಪಾಯಸ ಮಾಡ್ತೀವಿ, ಕುಡಿದರೆ ನಿದ್ದೆ ಬರುತ್ತೆ ಅಂದೆ. "ನಿಮ್ಮಲ್ಲಿ ಅಂದರೆ ಎಲ್ಲಿ?" ಅಂತ ಮೊದಲ ಸಲ ಸರಿಯಾಗಿ ಕೇಳಿದರು. ಅಲ್ಲಿಯವರೆಗೆ 'ಇಂಡಿಯಾ' ಸಾಕಾಗಿತ್ತು.

ಫೋನಿನಲ್ಲಿ ಮ್ಯಾಪ್ ತೆಗೆದು ನಿಪ್ಪಾಣಿ ತೋರಿಸಿದೆ. "ನಿಪ್-ಪಾನಿ?" ಅಂತ ಪಕಪಕ ನಕ್ಕರು. ಹತ್ತಿರದ ದೊಡ್ಡ ಊರು ಕೊಲ್ಹಾಪುರ ಅಂದೆ. ನಗು ನಿಂತಿತು.

"ಕೊಲ್ಹಾಪುರ್. ವಲಿವಾಡೆ."

ನಾನು ಅಂದುಕೊಂಡೆ, ನನಗೆ ಕಿವಿ ಸರಿ ಇಲ್ಲ. ವಳಿವಡೆ ಅನ್ನೋ ಹೆಸರು ಕ್ರಾಕೋವ್‌ನ ಅಡುಗೆಮನೆಯಲ್ಲಿ ಪೋಲಿಷ್ ಅಜ್ಜಿಯ ಬಾಯಲ್ಲಿ ಬರೋದಾದರೂ ಹೇಗೆ? ಅವರ ಗಂಡನ ಸೋದರತ್ತೆ ಸಣ್ಣ ಹುಡುಗಿಯಾಗಿ ಅಲ್ಲಿದ್ದರಂತೆ. ಸೋವಿಯತ್ ಸೇನೆ ಪೂರ್ವ ಪೋಲೆಂಡನ್ನು ಆಕ್ರಮಿಸಿದ ಮೇಲೆ ಲಕ್ಷಾಂತರ ಜನರನ್ನು ರೈಲಿಗೆ ತುಂಬಿ ಸೈಬೀರಿಯಾ ಕಡೆ ಸಾಗಿಸಿದ್ದರು. 1941ರ ನಂತರ ಬಿಡುಗಡೆಯಾಗಿ ಬದುಕುಳಿದವರಲ್ಲಿ ಅನೇಕರು ಇರಾನ್ ದಾಟಿ ಬಂದರು. ಜಾಮ್‌ನಗರದ ಮಹಾರಾಜರು ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5000 ಪೋಲಿಷ್ ನಿರಾಶ್ರಿತರ ಒಂದು ಊರೇ ಇತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. ಶಾಲೆ, ಚರ್ಚು, ಸ್ಕೌಟ್ ದಳ ಎಲ್ಲ. ಅತ್ತೆ ಸಾಯುವವರೆಗೂ ಹೇಳ್ತಿದ್ದರಂತೆ, "ಅಲ್ಲಿಯ ಜನ ನೀರಿಗೆ ಪಾನಿ ಅಂತಾರೆ, ನಮಗೆ ನಗು ತಡೆಯೋಕಾಗ್ತಿರಲಿಲ್ಲ" ಅಂತ.

ನನಗೆ ಕೂತಲ್ಲೇ ಮೈ ಜುಮ್ಮೆಂದಿತು. ವಳಿವಡೆ ಕ್ಯಾಂಪಿದ್ದ ಜಾಗದಲ್ಲೇ ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಬಂದು ನೆಲೆಸಿದರು. ಅದೇ ಈಗಿನ ಗಾಂಧಿನಗರ, ಹೋಲ್‌ಸೇಲ್ ಬಟ್ಟೆ ಮಾರ್ಕೆಟ್. ನಮ್ಮನೆಯ ಪ್ರತಿ ದೀಪಾವಳಿಯ ಬಟ್ಟೆ, ಕಾಕಾನ ಮದುವೆಯ ಆಹೇರಿ ಸೀರೆಗಳು, ನನ್ನ ಶಾಲೆಯ ಯೂನಿಫಾರ್ಮಿನ ಬಟ್ಟೆ ಬಂದದ್ದು ಅಲ್ಲಿಂದ. ಕೊಲ್ಹಾಪುರದ ಮಹಾವೀರ ಗಾರ್ಡನ್‌ನಲ್ಲಿ ಪೋಲಿಷರ ನೆನಪಿನ ಸ್ಮಾರಕ ಇದೆ ಅಂತ ಆ ರಾತ್ರಿ ಗೂಗಲ್ ಮಾಡಿದಾಗ ತಿಳಿಯಿತು. ಅದೇ ಗಾರ್ಡನ್‌ನಲ್ಲಿ ಕೂತು ನಾನು ಎಷ್ಟೋ ಸಲ ಭೇಳ್ ತಿಂದಿದ್ದೇನೆ.

ಪಪ್ಪಾಗೆ ಫೋನ್ ಮಾಡಿದೆ. ಅಲ್ಲಿ ಮಧ್ಯರಾತ್ರಿ ಸಮೀಪಿಸಿತ್ತು.

"ಯಾಕವ್ವಾ, ಆರಾಮ ಅದಿಯಿಲ್ಲೊ? ಇವತ್ತ ಹೊರಗ ಹೋಗಿಲ್ಲ ಹೌದಲ್ಲೊ?"

"ಹೋಗಿದ್ನಿ ಪಪ್ಪಾ. ಹಾಡಾಕ."

"ಏನ್ ಹಾಡು? ಯಾರೂ ಏನೂ ಅನ್ಲಿಲ್ಲಲ್ಲಾ?"

"ಏನಿಲ್ಲ. ಥಂಡಿ ಭಾಳ ಇತ್ತು, ಅಷ್ಟ."

ಆಮೇಲೆ ವಳಿವಡೆಯ ಕಥೆ ಹೇಳಿದೆ. ಆಯಿಯನ್ನೂ ಎಬ್ಬಿಸಿ ಸ್ಪೀಕರ್ ಹಾಕಿಸಿದೆ. ಆಯಿಗೆ ಮರಾಠಿಯಲ್ಲಿ, ಪಪ್ಪಾಗೆ ಕನ್ನಡದಲ್ಲಿ, ಪಕ್ಕದಲ್ಲಿ ಕೂತ ಪಾನಿಗೆ ಇಂಗ್ಲಿಷ್, ಪೋಲಿಷ್ ಕಲಸುಮೇಲೋಗರದಲ್ಲಿ. ಪಾನಿ ಫೋನಿನ ಹತ್ತಿರ ಬಾಗಿ, ತಮಗೆ ಗೊತ್ತಿದ್ದ ಒಂದೇ ಭಾರತೀಯ ಶಬ್ದ "ಪಾನಿ, ಪಾನಿ" ಅಂದರು. ಆಯಿ ಗಾಬರಿಯಾಗಿ, "ಅಗೋ, ತ್ಯಾನ್ನಾ ಪಾಣೀ ದೇ ಆಧೀ" ಅಂದಳು. ಮೊದಲು ಅವರಿಗೆ ನೀರು ಕೊಡು ಅಂತ.

ಎರಡು ವಾರದ ನಂತರ ಪಪ್ಪಾ ಗಾಂಧಿನಗರಕ್ಕೆ ಹೋಗಿದ್ದರು. ಅಂಗಡಿಗೆ ಸಾಮಾನು ತರೋಕೆ ಅಂದರು. ಗಾಂಧಿನಗರದಲ್ಲಿ ಸ್ಟೇಷನರಿ ಸಾಮಾನಿಗೆ ಅವರು ಹೋದದ್ದನ್ನು ನಾನಂತೂ ನೋಡಿಲ್ಲ. ನಾಲ್ಕೈದು ಅಂಗಡಿಯಲ್ಲಿ ಪೋಲೆಂಡಿನವರ ಬಗ್ಗೆ ಕೇಳಿದರಂತೆ. ಹುಡುಗರಿಗೆ ಗೊತ್ತಿಲ್ಲ. ಒಬ್ಬ ವಯಸ್ಸಾದ ಸಿಂಧಿ ಸೇಠ್ ಮಾತ್ರ, "ಹೌದು, ನಮಗಿಂತ ಮೊದಲು ಬಂದ ನಿರಾಶ್ರಿತರು ಅವರು" ಅಂದು ಚಹಾ ತರಿಸಿದರಂತೆ. ಸುಮ್ಮನೆ ಎದ್ದು ಬರೋಕೆ ಆಗದೆ ಪಪ್ಪಾ ಎರಡು ಡಬಲ್ ಬೆಡ್‌ಶೀಟ್ ತಗೊಂಡು ಬಂದರು. ಒಂದು ಪಾನಿಗೆ ಅಂತೆ. ಆಯಿ ಅದರ ಫೋಟೋ ಕಳಿಸಿದ್ದಾಳೆ, ಬಿಳಿ ಮೇಲೆ ಕೆಂಪು ಹೂವು. ಪಾರ್ಸೆಲ್ ಚಾರ್ಜು ಬೆಡ್‌ಶೀಟಿಗಿಂತ ಜಾಸ್ತಿ ಆಗುತ್ತೆ, ಯಾರಾದರೂ ಈ ಕಡೆ ಬರುವವರಿದ್ದರೆ ಹೇಳು ಅಂತ ಪಪ್ಪಾ ದಿನಾ ಕೇಳ್ತಿದ್ದಾರೆ.